ಇನ್‌ಚಾರ್ಜ್ ಸಿಸ್ಟರ್ ಮತ್ತು ಕೀಗೊಂಚಲು

ಇನ್ನೋವೇಶನ್ ತನ್ನಿ ಎಂದರೆ ಅವರು ಥರ್ಮಾಕೋಲ್ ತಂದರು.

ಅವರನ್ನು ಬೈಯುವಂತೆಯೂ ಇರಲಿಲ್ಲ. ನರ್ಸಿಂಗ್ ಓದುವಾಗ ಹೊಸದೇನಾದರೂ ಮಾಡಿ ಎಂದರೆ ನಾವೆಲ್ಲ ಮಾಡಿದ್ದು ಅದನ್ನೇ: ಥರ್ಮಾಕೋಲ್ ಕತ್ತರಿಸಿ ಹೃದಯ ಮಾಡುವುದು, ಕೆಂಪು ಬಣ್ಣ ಬಳಿಯುವುದು, ಸುತ್ತ ಜರಿ ಅಂಟಿಸುವುದು. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಕೆಲವು ಖಾಸಗಿ ಆಸ್ಪತ್ರೆಗಳು ಒಟ್ಟು ಸೇರಿ ತಮ್ಮ ವಾರ್ಡ್ ಇನ್‌ಚಾರ್ಜ್ ಸಿಸ್ಟರ್‌ಗಳಿಗೆ ಆಡಳಿತ ಮತ್ತು ನಾಯಕತ್ವದ ತರಬೇತಿ ಕೊಡಿಸಲು ಹೊರಟಿದ್ದವು. ಕಲಿಸುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಇನ್‌ಚಾರ್ಜ್ ಎಂದರೆ ಒಂದು ವಾರ್ಡಿನ ನರ್ಸ್‌ಗಳು, ಆಯಾಗಳು, ಹಾಸಿಗೆ, ಔಷಧಿ, ಬಕೆಟ್ಟು, ಸೊಳ್ಳೆಪರದೆ ಎಲ್ಲದಕ್ಕೂ ಜವಾಬು ಹೇಳಬೇಕಾದವರು. ಒಂದು ವಾರ ಒಂದು ಊರಿನಲ್ಲಿ ತರಗತಿ. ಬಿ.ಸಿ.ರೋಡಿನಲ್ಲಿ ಬಸ್ಸು ಹಿಡಿದು, ಲ್ಯಾಪ್‌ಟಾಪನ್ನು ಮಗುವಿನಂತೆ ತೊಡೆಯ ಮೇಲೆ ಇಟ್ಟುಕೊಂಡು ಹೋಗುತ್ತಿದ್ದೆ.

ಮೊದಲ ಕೆಲವು ತರಗತಿಗಳು ಚೆನ್ನಾಗಿಯೇ ನಡೆದವು ಎಂದುಕೊಂಡಿದ್ದೆ. ಸ್ಲೈಡುಗಳಲ್ಲಿ ಬಾಣದ ಗುರುತುಗಳು, ವೃತ್ತಗಳು, ನಾಯಕತ್ವದ ಬಗೆಗಳು. ಎಲ್ಲರೂ ಅಚ್ಚುಕಟ್ಟಾಗಿ ಬರೆದುಕೊಂಡರು, ಗೋಳಿಬಜೆ ತಿಂದರು, "ಒಳ್ಳೆ ಕ್ಲಾಸು ಮೇಡಂ" ಎಂದು ಹೋದರು. ನಿಮ್ಮ ವಾರ್ಡಿನಲ್ಲಿ ಏನಾದರೂ ಒಂದು ಬದಲಾವಣೆ ಮಾಡಿ, ಮುಂದಿನ ಸಲ ಬಂದು ತೋರಿಸಿ ಎಂದು ಹೇಳಿ ಕಳಿಸಿದೆ. ಮುಂದಿನ ಸಲ ಮೂಡುಬಿದಿರೆಯ ತರಗತಿಯ ಬಾಗಿಲಿನಲ್ಲಿ ಒಂದು ದೊಡ್ಡ ಥರ್ಮಾಕೋಲ್ ಮೂತ್ರಪಿಂಡ ಒಳಗೆ ಬರಲಾಗದೆ ಸಿಕ್ಕಿಹಾಕಿಕೊಂಡಿತ್ತು.

"ಸ್ವಲ್ಪ ಓರೆ ಮಾಡುವ," ಎಂದು ಒಬ್ಬರು ಹೊರಗಿನಿಂದ ಕೂಗುತ್ತಿದ್ದರು. "ಬಸ್ಸಿನಲ್ಲಿ ಇದಕ್ಕೂ ಸೀಟು ಬೇಕಾಯ್ತು ಮೇಡಂ. ಕಂಡಕ್ಟರ್ ಟಿಕೆಟ್ ಕೇಳಿದ."

ನನಗೆ ನಗು ತಡೆಯಲಾಗಲಿಲ್ಲ. ಅವರೂ ನಕ್ಕರು. ನಗು ಮುಗಿದ ಮೇಲೆ ನನಗೆ ಸಿಟ್ಟು ಬಂತು, ಅದೂ ನನ್ನ ಸ್ಲೈಡುಗಳ ಮೇಲೆ. ಇಷ್ಟು ವರ್ಷ ವಾರ್ಡು ನಡೆಸಿದ ಹೆಂಗಸರಿಗೆ ನಾನು ವಾರ್ಡನ್ನು ಬಿಟ್ಟು ಬೇರೆಲ್ಲವನ್ನೂ ಕಲಿಸುತ್ತಿದ್ದೆ. ಇನ್ನು ತರಗತಿಗೆ ಮೊದಲು ನಿಮ್ಮ ವಾರ್ಡುಗಳನ್ನು ನೋಡುತ್ತೇನೆ ಎಂದು ಅಲ್ಲಿಯೇ ಹೇಳಿಬಿಟ್ಟೆ.

ಬೆಳ್ತಂಗಡಿಯಿಂದ ಶುರು ಮಾಡಿದೆ. ಯಾರ ಹೆಸರನ್ನೂ ಬರೆಯುವುದಿಲ್ಲ, ಊರಿನಿಂದಲೇ ಕರೆಯುತ್ತೇನೆ. ಬೆಳ್ತಂಗಡಿಯ ಸಿಸ್ಟರ್ ಹೆಂಗಸರ ಸರ್ಜಿಕಲ್ ವಾರ್ಡಿನ ಇನ್‌ಚಾರ್ಜ್. ಐವತ್ತರ ಆಸುಪಾಸು, ಎತ್ತರದ ಮೈಕಟ್ಟು, ದೊಡ್ಡ ಕೂಡುಕುಟುಂಬದಿಂದ ಬಂದವರು. ಅವರ ವಾರ್ಡಿನಲ್ಲಿ ಹಾಸಿಗೆಯ ಮೂಲೆಗಳು ಅಳತೆ ಹಿಡಿದಂತೆ ಮಡಚಿರುತ್ತಿದ್ದವು. ಡಾಕ್ಟರುಗಳು ಕೂಡ ಅವರ ವಾರ್ಡಿಗೆ ಬರುವಾಗ ದನಿ ತಗ್ಗಿಸುತ್ತಿದ್ದರು. ಸಮವಸ್ತ್ರದ ಸೊಂಟದಲ್ಲಿ ಸೇಫ್ಟಿಪಿನ್ ಹಾಕಿ ಸಿಕ್ಕಿಸಿದ ಕೀಗೊಂಚಲು. ಅವರು ಎಲ್ಲಿದ್ದಾರೆಂದು ಅದರ ಸದ್ದಿನಿಂದಲೇ ಗೊತ್ತಾಗುತ್ತಿತ್ತು.

ನಾನು ನಿಂತಿದ್ದಾಗಲೇ ಒಬ್ಬ ಸ್ಟಾಫ್ ನರ್ಸ್ ಕಾರಿಡಾರಿನಲ್ಲಿ ಓಡಿದರು. ಆಪರೇಷನ್ ಮುಗಿಸಿ ಬಂದ ರೋಗಿಯ ಬೆರಳಿಗೆ ಸಿಕ್ಕಿಸಿ ಆಮ್ಲಜನಕ ನೋಡಲು ಪಲ್ಸ್ ಆಕ್ಸಿಮೀಟರ್ ಬೇಕಿತ್ತು. ಅದನ್ನು ತರಲು ಗಂಡಸರ ವಾರ್ಡಿಗೆ ಓಡಿದ್ದು.

"ನಿಮ್ಮಲ್ಲಿ ಇಲ್ವಾ?" ಎಂದು ಕೇಳಿದೆ.

"ಉಂಟು ಮೇಡಂ. ಒಂದು ಹಾಳಾಗಿದೆ. ಹೊಸತು ಕಪಾಟಿನಲ್ಲಿ ಉಂಟು," ಎಂದರು ಬೆಳ್ತಂಗಡಿಯ ಸಿಸ್ಟರ್.

"ಮತ್ತೆ?"

"ಅದು ಹೊಸತಲ್ವಾ?"

ಈ ಉತ್ತರದಲ್ಲಿ ಅವರಿಗೆ ಯಾವ ವಿಚಿತ್ರವೂ ಕಾಣಲಿಲ್ಲ. ಕಪಾಟು ತೆಗೆದು ತೋರಿಸಿದರು. ನನ್ನ ಎದೆ ತುಂಬುವಷ್ಟು ಅಚ್ಚುಕಟ್ಟು. ಪೆಟ್ಟಿಗೆಯಿಂದ ಹೊರಬಾರದ ಆಕ್ಸಿಮೀಟರುಗಳು, ಪ್ಲಾಸ್ಟಿಕ್ ಬಿಚ್ಚದ ಬಿ.ಪಿ. ಉಪಕರಣ, ಕಫ ಎಳೆಯುವ ಸಕ್ಷನ್ ಟ್ಯೂಬುಗಳು, ಗ್ಲೌಸುಗಳು, ಘಮಘಮಿಸುವ ಹೊಸ ಬೆಡ್‌ಶೀಟುಗಳು. ಇನ್‌ಸ್ಪೆಕ್ಷನ್ ಬಂದಾಗ ಇವು ಹೊರಗೆ ಬರುತ್ತವಂತೆ, ಸಂಜೆ ಮತ್ತೆ ಒಳಗೆ ಹೋಗುತ್ತವಂತೆ.

ಆ ವಾರದ ತರಗತಿ ಬಂಟ್ವಾಳದಲ್ಲಿ. ಸ್ಲೈಡು ಹಾಕದೆ ಒಂದೇ ಪ್ರಶ್ನೆ ಕೇಳಿದೆ. ಇಂಥ ಕಪಾಟು ಯಾರ ಯಾರ ವಾರ್ಡಿನಲ್ಲಿ ಉಂಟು? ಕೀ ಯಾರು ಮನೆಗೆ ಕೊಂಡುಹೋಗುತ್ತೀರಿ? ಎಲ್ಲ ಕೈಗಳೂ ಮೇಲೆ ಹೋದವು. ಕೈ ಎತ್ತಿದ ಮೇಲೆ ಒಬ್ಬರನ್ನೊಬ್ಬರು ನೋಡಿಕೊಂಡು ನಾಚಿದರು.

ಬಂಟ್ವಾಳದ ಸಿಸ್ಟರ್ ಎದ್ದು ನಿಂತರು. ಬ್ಯಾರಿ ಮುಸ್ಲಿಂ ಮನೆತನದವರು, ಅಣ್ಣತಮ್ಮಂದಿರೆಲ್ಲ ಗಲ್ಫಿನಲ್ಲಿ, ಮಾತಿನಲ್ಲಿ ಅವರನ್ನು ಮೀರಿಸುವವರು ಆ ಬ್ಯಾಚಿನಲ್ಲಿ ಇರಲಿಲ್ಲ. "ನನ್ನ ತಮ್ಮನ ಮದುವೆ ಮೇಡಂ. ಕೀ ನನ್ನ ವ್ಯಾನಿಟಿ ಬ್ಯಾಗಿನಲ್ಲಿ ಬಾಕಿ. ಬಿರಿಯಾನಿ ಬಡಿಸಿ ಆಗಿದೆ ಅಷ್ಟೆ, ಮದುವೆ ಹಾಲ್‌ನ ಬಾಗಿಲಿಗೇ ಆಂಬುಲೆನ್ಸ್ ಬಂತು. ಮದುಮಗನಿಗೆ ಎಂತದೋ ಆಯ್ತು ಅಂತ ಹೆಣ್ಣಿನ ಕಡೆಯವರು ಎದ್ದು ಓಡಿದ್ರು. ನೋಡಿದ್ರೆ ಡ್ರೈವರ್ ಇಳಿದು ಬಂದು ಹೇಳ್ತಾನೆ, ಸಿಸ್ಟರೇ ಕೀ ಕೊಡಿ ಅಂತ!"

ತರಗತಿಯಲ್ಲಿ ಹೊಟ್ಟೆ ಹುಣ್ಣಾಗುವಷ್ಟು ನಗು. ಬೆಳ್ತಂಗಡಿಯ ಸಿಸ್ಟರ್ ಮಾತ್ರ ನಗಲಿಲ್ಲ. ಚಹಾದ ಬಿಡುವಿನಲ್ಲಿ ಎಲ್ಲರೂ ಮೆಟ್ಟಿಲಿಳಿದು ಹೋದರೂ ಅವರು ಕಂಬಿ ಹಿಡಿದು ನಿಂತೇ ಇದ್ದರು. ಹತ್ತಿರ ಹೋದಾಗ ಅವರ ಉಗುರುಗಳು ನನ್ನ ಕಣ್ಣಿಗೆ ಬಿದ್ದವು. ಕಾಗದದಂತೆ ಬಿಳಿ.

"ಹಿಮೋಗ್ಲೋಬಿನ್ ಎಷ್ಟು ಉಂಟು?" ಎಂದು ನೇರವಾಗಿ ಕೇಳಿದೆ. ನರ್ಸುಗಳ ನಡುವೆ ಪೀಠಿಕೆ ಬೇಕಿಲ್ಲ.

ಅವರು ಆಚೀಚೆ ನೋಡಿ ಹೇಳಿದರು. ಗರ್ಭಕೋಶದಲ್ಲಿ ಗಡ್ಡೆ. ತಿಂಗಳು ತಿಂಗಳು ವಿಪರೀತ ರಕ್ತ. ಅವರದೇ ಆಸ್ಪತ್ರೆಯ ಡಾಕ್ಟರು, ತೆಗೆಯಲೇಬೇಕು ಎಂದು ದಿನ ಗೊತ್ತು ಮಾಡಿದ್ದರು. ಇವರು ಅದನ್ನು ಮುಂದಕ್ಕೆ ಹಾಕುತ್ತ ಬಂದಿದ್ದರು. "ಈಗ ಡಾಕ್ಟರು ನನ್ನ ಹತ್ತಿರ ಮಾತೇ ಬಿಟ್ಟಿದ್ದಾರೆ. ಇನ್ನೊಂದು ಸಲ ಹೀಗೆ ರಕ್ತ ಹೋದ್ರೆ ಆಪರೇಷನ್ ಟೇಬಲ್ಲಿಗೆ ಹಾಕ್ಲಿಕ್ಕೇ ಆಗುದಿಲ್ಲ ಅಂದ್ರು."

"ಮತ್ತೆ ಎಂತಕ್ಕೆ ಕಾಯುದು?"

"ವಾರಗಟ್ಟಲೆ ರಜೆ ಬೇಕು ಮೇಡಂ. ಅಷ್ಟು ದಿನಕ್ಕೆ ವಾರ್ಡಿನ ಚಾರ್ಜ್ ತಕೊಳ್ಳುವವರು ಯಾರು? ಕೀ ಯಾರಿಗೆ ಕೊಡುದು?"

ನನಗೆ ಎರಡು ಬೈದುಬಿಡಬೇಕು ಎನಿಸಿತು. ಬೈಯಲಿಲ್ಲ. ಚಾರ್ಜ್ ಕೊಡುವುದೆಂದರೆ ಏನೆಂದು ನನಗೂ ಗೊತ್ತಿತ್ತು. ವಾರ್ಡಿನ ಪ್ರತಿಯೊಂದು ಸಾಮಾನನ್ನು ಎಣಿಸಿ ಇನ್ನೊಬ್ಬರ ಕೈಯಲ್ಲಿ ಸಹಿ ಹಾಕಿಸಬೇಕು. ಆಮೇಲೆ ಒಂದು ಕತ್ತರಿ ಕಾಣದಿದ್ದರೂ ಸಹಿ ಹಾಕಿದವರ ತಲೆಗೇ. ಅವರ ಕೆಳಗಿನ ಹಿರಿಯ ಸ್ಟಾಫ್ ಕೊಕ್ಕಡದ ಕಡೆಯವರು, ಗಂಡ ರಬ್ಬರ್ ಟ್ಯಾಪಿಂಗಿಗೆ ಹೋಗುವವರು. ಮರುದಿನ ಅವರನ್ನು ಕೇಳಿದರೆ ಎರಡೂ ಕೈ ಮುಗಿದರು. "ರೋಗಿಗಳನ್ನು ಎಷ್ಟು ಬೇಕಾದ್ರೂ ನೋಡ್ತೇನೆ ಮೇಡಂ. ಆ ಕೀ ಮಾತ್ರ ನನಗೆ ಬೇಡ. ರಾತ್ರಿ ನಿದ್ದೆ ಬರ್ಲಿಕ್ಕಿಲ್ಲ."

ಇಲ್ಲಿಂದ ಮುಂದೆ ನನ್ನ ತರಬೇತಿಯ ಪಠ್ಯಕ್ರಮ ಒಂದು ಕಡೆ, ನನ್ನ ತಲೆ ಒಂದು ಕಡೆ. ಆದರೂ ಪಠ್ಯವನ್ನೇ ನಂಬಿ ಒಂದು ಪ್ರಯತ್ನ ಮಾಡಿದೆ. ಕೆಲಸವನ್ನೂ ಅಧಿಕಾರವನ್ನೂ ಹಂಚಿಕೊಡುವುದರ ಬಗ್ಗೆ ಇಡೀ ದಿನ ತರಗತಿ. ಜೋಡಿಜೋಡಿಯಾಗಿ ಅಭಿನಯ ಮಾಡಿಸಿದೆ. ಬೆಳ್ತಂಗಡಿಯ ಸಿಸ್ಟರ್ ಎಲ್ಲರಿಗಿಂತ ಚೆನ್ನಾಗಿ ಮಾಡಿದರು. "ನಿಮ್ಮ ಮೇಲೆ ನನಗೆ ಪೂರ್ಣ ವಿಶ್ವಾಸ ಉಂಟು, ಇಂದಿನಿಂದ ಇದು ನಿಮ್ಮ ಜವಾಬ್ದಾರಿ," ಎಂದು ಎದುರಿನವರ ಕೈ ಹಿಡಿದು ಹೇಳಿದಾಗ ಚಪ್ಪಾಳೆ ಬಿತ್ತು. ಚಪ್ಪಾಳೆಗೆ ಅವರು ಬಾಗಿದಾಗ ಸೊಂಟದ ಕೀಗೊಂಚಲು ಝಣ್ ಎಂದಿತು. ನಾನು ಸೋತೆ ಎಂದು ಆ ಕ್ಷಣ ತಿಳಿಯಿತು.

ಬೆಳ್ತಂಗಡಿ ಆಸ್ಪತ್ರೆಯ ಆಡಳಿತಾಧಿಕಾರಿಯ ಬಳಿ ಹೋದೆ. ಒಳ್ಳೆಯ ಮನುಷ್ಯ, ಸ್ವಲ್ಪ ಲೆಕ್ಕಾಚಾರದವರು. "ಮೇಡಂ, ಬೀಗ ಹಾಕಿ ಇಡಿ ಅಂತ ನಾವು ಯಾವಾಗ ಹೇಳಿದ್ದು? ಉಪಯೋಗಿಸ್ಲಿಕ್ಕೇ ಅಲ್ವಾ ತಂದದ್ದು?" ಎಂದರು.

"ಹಾಳಾದ್ರೆ?"

"ಹಾಳಾದ್ರೆ ಕೇಳ್ಬೇಕಲ್ಲ. ಕೇಳದೆ ಇರ್ಲಿಕ್ಕಾಗ್ತದಾ?"

ಆ ಕೇಳುವುದು ಹೇಗೆಂದು ನಾನು ವಿವರಿಸಿದೆ. ವರ್ಷಕ್ಕೊಮ್ಮೆ ಸ್ಟಾಕ್ ಪರಿಶೀಲನೆಯ ದಿನ, ಕ್ಲರ್ಕುಗಳ ಎದುರು, ಇಡೀ ವಾರ್ಡನ್ನು ನಡೆಸುವ ಹೆಂಗಸು ಮೇಜಿನ ಮುಂದೆ ನಿಂತು ಒಂದು ಮುರಿದ ಥರ್ಮಾಮೀಟರಿಗೆ ಕಾರಣ ಹೇಳಬೇಕು. ಕಳೆದುಹೋದದ್ದಕ್ಕೂ ಕೆಲಸ ಮಾಡಿ ಸವೆದದ್ದಕ್ಕೂ ಒಂದೇ ದನಿಯ ಪ್ರಶ್ನೆ. ಒಮ್ಮೆ ಹಾಗೆ ನಿಂತವರು ಮತ್ತೆಂದೂ ಹೊಸ ಪೆಟ್ಟಿಗೆ ಬಿಚ್ಚುವುದಿಲ್ಲ. ಆಡಳಿತಾಧಿಕಾರಿ ಕನ್ನಡಕ ಒರೆಸಿಕೊಂಡರು. "ಎಂತ ಮಾಡುವ ಅಂತೀರಿ?" ಎಂದರು.

ಏನು ಮಾಡುವುದೆಂದು ಆ ಕುರ್ಚಿಯಲ್ಲಿ ಕುಳಿತಲ್ಲೇ ತೀರ್ಮಾನಿಸಿದೆ. ಉಳಿದ ತರಗತಿಗಳನ್ನು ರದ್ದು ಮಾಡುತ್ತೇನೆ. ಇನ್ನು ಆ ಕಪಾಟೇ ತರಗತಿ. ಬೆಳ್ತಂಗಡಿಯ ಸಿಸ್ಟರ್ ಆಪರೇಷನ್ನಿಗೆ ಹೋಗಿ ಮಲಗಿದರೆ ತರಬೇತಿ ಪಾಸು, ಇಲ್ಲದಿದ್ದರೆ ಸರ್ಟಿಫಿಕೇಟಿನಲ್ಲಿ ಏನು ಅಚ್ಚಾಗಿದ್ದರೂ ನಾನು ಫೇಲು. ಆಡಳಿತಾಧಿಕಾರಿಯಿಂದ ಒಂದೇ ಒಂದು ಮಾತು ಪಡೆದೆ. ಬಳಕೆಯಲ್ಲಿ ಹಾಳಾದದ್ದನ್ನೂ ಕಾಣೆಯಾದದ್ದನ್ನೂ ಬೇರೆ ಬೇರೆ ಬರೆಯುವುದು. ಮೊದಲನೆಯದಕ್ಕೆ ಯಾರನ್ನೂ ನಿಲ್ಲಿಸಿ ಕೇಳುವಂತಿಲ್ಲ. "ಒಂದು ವಾರ್ಡಿನಲ್ಲಿ ಮಾತ್ರ, ನೋಡುವ," ಎಂದು ಒಪ್ಪಿದರು.

ಆಪರೇಷನ್ ಕಡಿಮೆಯಿದ್ದ ಒಂದು ದಿನ ಮೂರೂ ಊರಿನ ಸಿಸ್ಟರ್‌ಗಳು ಆ ವಾರ್ಡಿಗೆ ಬಂದರು. ಖಾಲಿ ಮಂಚಗಳ ಮೇಲೆ ಬಿಳಿ ಬಟ್ಟೆ ಹಾಸಿ ಕಪಾಟಿನ ಸಾಮಾನೆಲ್ಲ ಹರಡಿದೆವು. ಬೆಳ್ತಂಗಡಿಯ ಸಿಸ್ಟರ್ ತಾವೇ ಒಂದೊಂದನ್ನು ಎತ್ತಿ ಕೊಡುತ್ತೇನೆ ಎಂದರು. ಬೇರೆಯವರು ಮುಟ್ಟುವುದನ್ನು ಅವರಿಂದ ನೋಡಲಾಗುತ್ತಿರಲಿಲ್ಲ. ದಿನವೂ ಬೇಕಾದ್ದು ಒಂದು ಮಂಚ, ತುರ್ತಿಗೆ ಬೇಕಾದ್ದು ಇನ್ನೊಂದು, ನಿಜವಾಗಿ ಮೀಸಲು ಇಡಬೇಕಾದ್ದು ಮತ್ತೊಂದು. ಮಾರ್ಫಿನ್‌ನಂಥ ಔಷಧಿಗಳ ಎರಡು ಬೀಗದ ಪೆಟ್ಟಿಗೆಯನ್ನು ನಾವು ಮುಟ್ಟಲಿಲ್ಲ. ಅದು ಕಾನೂನಿನ ಬೀಗ, ಅದಕ್ಕೆ ಶಿಫ್ಟಿನಿಂದ ಶಿಫ್ಟಿಗೆ ಎಣಿಸಿ ಕೊಡುವ ಕ್ರಮ ಮೊದಲಿಂದಲೂ ಇತ್ತು.

ಸಕ್ಷನ್ ಟ್ಯೂಬುಗಳ ಸರದಿ ಬಂದಾಗ ಮೂಡುಬಿದಿರೆಯ ಸಿಸ್ಟರ್ ಲಕೋಟೆಯನ್ನು ಬೆಳಕಿಗೆ ಹಿಡಿದು ನೋಡಿ ನನ್ನ ಕೈಗೆ ಕೊಟ್ಟರು. ಅದರ ಅವಧಿ ಮುಗಿದುಹೋಗಿತ್ತು. ಕೆಳಗಿನದೂ ಹಾಗೆಯೇ. ಗ್ಲೌಸಿನ ಪೆಟ್ಟಿಗೆ ಬಿಚ್ಚಿದರೆ ರಬ್ಬರು ಒಂದಕ್ಕೊಂದು ಅಂಟಿ ಮುದ್ದೆಯಾಗಿತ್ತು. ಬೆಳ್ತಂಗಡಿಯ ಸಿಸ್ಟರ್ ಅದನ್ನು ಕೈಯಲ್ಲಿ ಹಿಡಿದು ಬಿಡಿಸಲು ನೋಡಿದರು. ಬಿಡಿಸಲು ಹೋದಂತೆ ಅದು ಹರಿಯಿತು.

"ಯಾರೂ ಹಾಳು ಮಾಡ್ಬಾರ್ದು ಅಂತ ಇಟ್ಟದ್ದು," ಎಂದರು ಮೆಲ್ಲಗೆ. ಅವರ ಮುಖ ನೋಡಿ ನನಗೆ ಬಹಳ ಸಂಕಟವಾಯಿತು.

ಬಂಟ್ವಾಳದ ಸಿಸ್ಟರ್ ಅವರ ಪಕ್ಕಕ್ಕೆ ಹೋಗಿ ಕೂತರು. "ಅಕ್ಕ, ನನ್ನ ಕಪಾಟಿನಲ್ಲಿ ಇದಕ್ಕಿಂತ ಜಾಸ್ತಿ ಇರಬಹುದು. ನಾನು ನೋಡ್ಲಿಕ್ಕೇ ಹೋಗ್ಲಿಲ್ಲ. ನೀವು ತೆಗೆದು ತೋರಿಸಿದ್ರಿ, ನನಗೆ ಆ ಧೈರ್ಯವೂ ಇಲ್ಲ."

ಮಧ್ಯಾಹ್ನದ ಊಟ ಮುಗಿಯುವಾಗ ಹೊಸ ಕ್ರಮ ಸಿದ್ಧವಾಗಿತ್ತು. ಅದನ್ನು ಮಾಡಿದ್ದು ಅವರೇ, ನಾನು ಎದುರು ಪ್ರಶ್ನೆ ಹಾಕುತ್ತ ಕೂತಿದ್ದೆ ಅಷ್ಟೆ. ದಿನಬಳಕೆಯ ಸಾಮಾನು ಬೀಗವಿಲ್ಲದ ಕಪಾಟಿಗೆ, ಪ್ರತಿ ಸಾಮಾನಿನ ಜಾಗದಲ್ಲಿ ಅದರ ಆಕಾರದ ಗೆರೆ. ಖಾಲಿ ಗೆರೆ ಕಂಡರೆ ಏನು ಇಲ್ಲವೆಂದು ಯಾರಿಗೂ ತಿಳಿಯಬೇಕು. ಮೀಸಲು ಕಪಾಟಿನ ಕೀ ಆಯಾ ಶಿಫ್ಟಿನ ಹಿರಿಯರ ಬಳಿ. ಶಿಫ್ಟು ಬದಲಾಗುವಾಗ ರೋಗಿಗಳ ವಿವರ ಒಪ್ಪಿಸಿದ ಕೂಡಲೇ ಕೀಯನ್ನೂ ಕೈಯಿಂದ ಕೈಗೆ ಒಪ್ಪಿಸುವುದು. ಕೀ ಆಸ್ಪತ್ರೆಯ ಗೇಟು ದಾಟುವಂತಿಲ್ಲ. ಅವಧಿ ಬೇಗ ಮುಗಿಯುವುದು ಮುಂದೆ, ತಡವಾಗಿ ಮುಗಿಯುವುದು ಹಿಂದೆ. ಇಷ್ಟಾದರೆ ಚಾರ್ಜ್ ಒಬ್ಬರ ತಲೆಯ ಮೇಲೆ ಕೂರುವುದಿಲ್ಲ, ವಾರ್ಡಿನವರೆಲ್ಲರ ಕೈಯಲ್ಲಿ ಹಂಚಿಹೋಗುತ್ತದೆ.

ಕೀ ಕೊಡುವ ಹೊತ್ತು ಬಂತು. ಬೆಳ್ತಂಗಡಿಯ ಸಿಸ್ಟರ್ ಸೇಫ್ಟಿಪಿನ್ ಬಿಚ್ಚಲು ಬಹಳ ಹೊತ್ತು ತೆಗೆದುಕೊಂಡರು. "ನಮ್ಮ ಅಮ್ಮನೂ ಹೀಗೆಯೇ ಸೊಂಟದಲ್ಲಿ ಸಿಕ್ಕಿಸ್ತಿದ್ರು. ಅಷ್ಟು ದೊಡ್ಡ ಮನೆ. ಅಮ್ಮ ಹಾಸಿಗೆ ಹಿಡಿದ ಮೇಲೂ ಯಾರಿಗೂ ಕೊಡ್ಲಿಲ್ಲ," ಎಂದರು. ಆಮೇಲೆ ಅದನ್ನು ಕೊಕ್ಕಡದ ಸ್ಟಾಫಿನ ಕೈಯಲ್ಲಿ ಇಟ್ಟರು.

ಆ ವಾರ ಕಳೆಯುವ ಮೊದಲೇ ಫೋನು ಬಂತು. ಕೊಕ್ಕಡದ ಸ್ಟಾಫ್. ಅಳುತ್ತಿದ್ದರು. "ಬಿದ್ದು ಹೋಯ್ತು ಮೇಡಂ. ಹೊಸ ಆಕ್ಸಿಮೀಟರ್. ರೋಗಿ ಕೈ ಒದರಿದ್ರು, ನಾನು ಹಿಡಿಯುವಷ್ಟರಲ್ಲಿ ನೆಲಕ್ಕೆ. ಕೀ ಅಕ್ಕನ ಮೇಜಿನ ಮೇಲೆ ಇಟ್ಟು ಬಂದೆ. ನನ್ನಿಂದ ಆಗುದಿಲ್ಲ."

ನಾನು ಬಿ.ಸಿ.ರೋಡಿನಲ್ಲಿ ಸಿಕ್ಕಿದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಹೇಳಬೇಕಾದ ಮಾತುಗಳನ್ನು ಜೋಡಿಸಿಕೊಂಡೆ. ಬೆಳ್ತಂಗಡಿಯ ಸಿಸ್ಟರ್ ಈಗ ಕಪಾಟಿಗೆ ಬೀಗ ಹಾಕಿಬಿಟ್ಟರೆ ಅದು ಮತ್ತೆ ತೆರೆಯುವುದಿಲ್ಲ, ಅವರು ಟೇಬಲ್ಲಿನ ಮೇಲೆ ಮಲಗುವುದೂ ಇಲ್ಲ. ನಾನು ವಾರ್ಡು ತಲುಪಿದಾಗ ತಡವಾಯಿತೆಂದೇ ಅನಿಸಿತು. ಟ್ರೀಟ್‌ಮೆಂಟ್ ರೂಮಿನಲ್ಲಿ ಶಿಫ್ಟಿನವರೆಲ್ಲ ನಿಂತಿದ್ದರು, ನಡುವೆ ಬೆಳ್ತಂಗಡಿಯ ಸಿಸ್ಟರ್, ಅವರ ಕೈಯಲ್ಲಿ ಕೀಗೊಂಚಲು. ಆಡಳಿತಾಧಿಕಾರಿಯೂ ಬಾಗಿಲಲ್ಲಿದ್ದರು.

"ಯಾರ ಕೈಯಿಂದ ಬಿದ್ದದ್ದು?" ಎಂದು ಅವರು ಕೇಳಿದರು. ಅಭ್ಯಾಸದ ಬಲ, ಕೊಟ್ಟ ಮಾತು ಮರೆತುಹೋಗಿತ್ತು.

ನಾನು ಬಾಯಿ ತೆರೆದೆ. ಬೆಳ್ತಂಗಡಿಯ ಸಿಸ್ಟರ್ ನನ್ನ ಕಡೆ ನೋಡದೆಯೇ ಕೈ ಅಡ್ಡ ಹಿಡಿದು ತಡೆದರು.

"ರೋಗಿ ನೋಡುವಾಗ ಬಿದ್ದದ್ದು ಸರ್," ಎಂದರು. "ಯಾರ ಕೈಯಿಂದ ಅಂತ ಕೇಳ್ಲಿಕ್ಕಿಲ್ಲ ಅಂತ ನೀವೇ ಹೇಳಿದ್ದು. ಬಳಕೆಯಲ್ಲಿ ಹಾಳಾದದ್ದು ಅಂತ ನಾನು ಬರೆದಾಗಿದೆ. ಸಹಿ ನೀವು ಹಾಕ್ಬೇಕು."

ಆಮೇಲೆ ಅವರು ಮೀಸಲು ಕಪಾಟು ತೆರೆದರು. ಇನ್ನೊಂದು ಹೊಸ ಪೆಟ್ಟಿಗೆ ತೆಗೆದು, ತಾವೇ ಸೀಲು ಹರಿದು, ಆಕ್ಸಿಮೀಟರನ್ನು ಕೊಕ್ಕಡದ ಸ್ಟಾಫಿನ ಕೈಗಿಟ್ಟರು. ಅದರ ಮೇಲೆ ಕೀಗೊಂಚಲನ್ನೂ ಇಟ್ಟರು. "ಆ ರೋಗಿಯನ್ನು ಮತ್ತೆ ನೋಡುವ ಹೊತ್ತಾಯ್ತಲ್ವಾ ಮಾರಾಯ್ತಿ? ಹೋಗು."

ಅವರು ಹೋದರು. ಆಡಳಿತಾಧಿಕಾರಿ ಕೆಮ್ಮಿದರು, ಪೆನ್ನು ಹುಡುಕಿದರು, ಸಹಿ ಹಾಕಿದರು. ಬೆಳ್ತಂಗಡಿಯ ಸಿಸ್ಟರ್ ಮೆಲ್ಲಗೆ ಸ್ಟೂಲಿನ ಮೇಲೆ ಕೂತುಬಿಟ್ಟರು. ಹಣೆಯಲ್ಲಿ ಬೆವರು. ಬಸ್ಸಿನಲ್ಲಿ ನಾನು ಜೋಡಿಸಿದ್ದ ಮಾತುಗಳಲ್ಲಿ ಒಂದೂ ಬೇಕಾಗಲಿಲ್ಲ. ನನಗೆ ಖುಷಿಗೆ ಕಣ್ಣು ತುಂಬಿ ಬಂತು, ಯಾರೂ ನೋಡದಿರಲಿ ಎಂದು ಕಪಾಟಿನ ಗೆರೆಗಳನ್ನು ಪರೀಕ್ಷಿಸುವವಳಂತೆ ಆ ಕಡೆ ತಿರುಗಿದೆ.

"ಡಾಕ್ಟರಿಗೆ ಫೋನ್ ಮಾಡುವ ಮೇಡಂ," ಎಂದರು ಅವರು ಹಿಂದಿನಿಂದ. "ಈಗಲೇ. ನನ್ನ ಮನಸ್ಸು ಬದಲಾಗುವ ಮೊದಲು."

ರಕ್ತ ಏರಿಸಿ, ಹಿಮೋಗ್ಲೋಬಿನ್ ಸರಿಯಾಗುವವರೆಗೆ ಕಾದು, ಆಪರೇಷನ್ ಆಯಿತು. ಗಡ್ಡೆ ದೊಡ್ಡದಿತ್ತು, ಬೇರೆ ತೊಂದರೆ ಇರಲಿಲ್ಲ. ನಾನು ನೋಡಲು ಹೋದದ್ದು ಆದ ಮರುದಿನ. ಬಸ್ಸಿನಲ್ಲಿ ಬಂಟ್ವಾಳದ ಸಿಸ್ಟರೂ ಸಿಕ್ಕಿದರು, ಕೈಯಲ್ಲಿ ಗಂಜಿಯ ಫ್ಲಾಸ್ಕು. ಅವರ ಕಪಾಟೂ ಈಗ ತೆರೆದಿತ್ತು. "ಒಳಗೆ ಎಂತೆಂತ ಇತ್ತು ಅಂತ ಮಾತ್ರ ಕೇಳ್ಬೇಡಿ," ಎಂದರು.

ಬೆಳ್ತಂಗಡಿಯ ಸಿಸ್ಟರ್ ತಮ್ಮದೇ ವಾರ್ಡಿನಲ್ಲಿ, ಕಿಟಕಿಯ ಪಕ್ಕದ ಮಂಚದಲ್ಲಿ ಮಲಗಿದ್ದರು. ಘಮಘಮಿಸುವ ಆ ಹೊಸ ಬೆಡ್‌ಶೀಟುಗಳಲ್ಲಿ ಒಂದನ್ನು ಹಾಸಿದ್ದರು. ಕೊಕ್ಕಡದ ಸ್ಟಾಫ್ ಬಂದು ಅವರ ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿದರು. ಅವರು ಬೆರಳನ್ನು ಮುಖದ ಹತ್ತಿರ ತಂದು ಅದರ ಕೆಂಪು ಬೆಳಕನ್ನು ನೋಡಿದರು.

"ಇದು ನಾನು ಇಟ್ಟದ್ದಲ್ವಾ?"

"ಹೌದು ಅಕ್ಕ. ಅಲ್ಲಾಡಿಸ್ಬೇಡಿ, ರೀಡಿಂಗ್ ತಪ್ತದೆ," ಎಂದರು ಕೊಕ್ಕಡದ ಸ್ಟಾಫ್, ವಾರ್ಡು ನಡೆಸುವವರ ಗಟ್ಟಿ ದನಿಯಲ್ಲಿ.

ಅವರು ಅಲ್ಲಾಡಿಸಲಿಲ್ಲ. ಶಿಫ್ಟು ಬದಲಾಗುವ ಹೊತ್ತಾಗಿತ್ತು. ಬಾಗಿಲ ಬಳಿ ಬಂದವರು, ಹೊರಟವರು, ಮೆಲುದನಿಯಲ್ಲಿ ತುಳುವಿನಲ್ಲಿ ರೋಗಿಗಳ ವಿವರ ಹೇಳಿಕೊಳ್ಳುತ್ತಿದ್ದರು. ನಡುವೆ ಕೀಗೊಂಚಲಿನ ಸದ್ದು ಒಮ್ಮೆ ಕೇಳಿತು. ನನ್ನೊಳಗಿನ ಮೇಷ್ಟ್ರಮ್ಮ ಸುಮ್ಮನಿರಬೇಕಲ್ಲ, ಪರೀಕ್ಷೆ ಮಾಡಿಯೇ ಬಿಟ್ಟೆ.

"ಸಿಸ್ಟರ್, ಕೀ ಈಗ ಯಾರ ಹತ್ತಿರ ಉಂಟು?"

ಅವರು ಆಗಲೇ ಕಣ್ಣು ಮುಚ್ಚಿದ್ದರು.

"ಗೊತ್ತಿಲ್ಲ ಮೇಡಂ," ಎಂದರು. "ಯಾರ ಹತ್ತಿರವೋ ಉಂಟು."